ಮಲ್ಲಿಪಟ್ಟಣದ ಮೆಣಸು, ಮನಿಲಾದ ಕೊಬ್ಬರಿ

2025ರ ಆಗಸ್ಟ್ 7, ಗುರುವಾರ. ನಾಳೆ ವರಮಹಾಲಕ್ಷ್ಮಿ ಹಬ್ಬ. ಬೆಳಗಿನ ಏಳು ಗಂಟೆಗೇ ಹಾಸನ ಜಿಲ್ಲೆಯ ಮಲ್ಲಿಪಟ್ಟಣದಲ್ಲಿ ಸೋನೆ ಹಿಡಿದಿದೆ. ಅಂಗಡಿಯ ತಗಡಿನ ಮಾಡಿನಡಿ ಬಾಳೆಕಂದು, ಸೇವಂತಿಗೆಯ ಮಾರು, ತಾವರೆ ಮೊಗ್ಗಿನ ಬುಟ್ಟಿ. ನೆನೆದ ಸೆರಗನ್ನು ಹಿಂಡಿಕೊಳ್ಳುತ್ತಲೇ ಒಬ್ಬ ಹೆಂಗಸು ಕಳಸಕ್ಕೆ ಕಾಯಿ ಆರಿಸುತ್ತಿದ್ದಾಳೆ. ಕೈಗೆತ್ತಿಕೊಂಡು, ಕಿವಿಯ ಬಳಿ ಕುಲುಕಿ, ಜುಟ್ಟು ನೋಡಿ, ಬೆಲೆ ಕೇಳಿ ಮತ್ತೆ ಕೆಳಗಿಡುತ್ತಾಳೆ.

"ಹೋದ ಹಬ್ಬಕ್ಕೆ ಇದೇ ದುಡ್ಡಿಗೆ ಎರಡು ಕಾಯಿ ಕೊಟ್ಟಿದ್ದೆ ಕಣಣ್ಣಾ."

"ನಾನೇನ್ ಮಾಡ್ಲವ್ವಾ, ಚನ್ರಾಯಪಟ್ಣದಲ್ಲೇ ಹಿಂಗೈತೆ. ಮರದಾಗೆ ಕಾಯೇ ಇಲ್ಲ ಅಂತಾವ್ರೆ."

ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಪೇಪರು ಕೈಯಿಂದ ಕೈಗೆ ದಾಟುತ್ತಿದೆ. ಭಾರತದ ಸರಕಿನ ಮೇಲೆ ಅಮೆರಿಕ ಇನ್ನೂ ಶೇ 25 ಸುಂಕ ಹೇರಿದ್ದೇ ಎಲ್ಲರ ಬಾಯಲ್ಲಿ. ಅದರ ಅಬ್ಬರದಲ್ಲಿ ಇನ್ನೊಂದು ಸುದ್ದಿ ಬದಿಗೆ ಸರಿದಿದೆ. ಫಿಲಿಪ್ಪೀನ್ಸ್ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ಐದು ದಿನದ ಭಾರತ ಪ್ರವಾಸದಲ್ಲಿದ್ದಾರೆ. ಆಗಸ್ಟ್ 5ರಂದು ದೆಹಲಿಯಲ್ಲಿ ಪ್ರಧಾನಿಯ ಜೊತೆ ಕೂತು ಎರಡೂ ದೇಶಗಳ ಕಾರ್ಯತಂತ್ರದ ಪಾಲುದಾರಿಕೆ ಘೋಷಿಸಿದ್ದಾರೆ, ಆದ್ಯತಾ ವ್ಯಾಪಾರ ಒಪ್ಪಂದದ ಮಾತುಕತೆಗೆ ಒಪ್ಪಿದ್ದಾರೆ. ಪ್ರವಾಸದ ಕೊನೆಯ ಹಂತ ನಮ್ಮ ಬೆಂಗಳೂರು. ಜಗತ್ತಿನಲ್ಲಿ ಅತಿ ಹೆಚ್ಚು ತೆಂಗು ಬೆಳೆಯುವ ಮೂರು ದೇಶಗಳು ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಭಾರತ. ಆ ಮೂರರಲ್ಲಿ ಒಂದರ ಅಧ್ಯಕ್ಷರು ಚನ್ನರಾಯಪಟ್ಟಣದ ಕೊಬ್ಬರಿ ಅಟ್ಟಗಳಿಂದ ಕೆಲವೇ ಗಂಟೆಗಳ ದೂರದಲ್ಲಿರುವ ಈ ಹೊತ್ತು, ಬನ್ನಿ, ನಾವು ಅರಕಲಗೂಡು, ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣದವರೆಗೆ ಹೋಗೋಣ. ಮಳೆಸೀಮೆಯ ಅಂಚಿನಿಂದ ಬಯಲಿಗೆ, ಮೆಣಸಿನಿಂದ ತೆಂಗಿಗೆ ಇಳಿಯುವ ದಾರಿ ಇದು. ಸಮುದ್ರ ಕಾಣದ ಈ ನೆಲದ ಬೆಳೆಗೆ ಬೆಲೆ ಕಟ್ಟುವುದರಲ್ಲಿ ದ್ವೀಪರಾಷ್ಟ್ರಗಳ ರಾಜಕೀಯಕ್ಕೂ ಪಾಲಿದೆ.

ಊರಿನ ಹೊರಗೆ ರಸ್ತೆ ತಿರುಗಿದೊಡನೆ ಸಿಲ್ವರ್ ಮರಗಳ ಸಾಲು. ಒಂದೊಂದು ಮರವನ್ನೂ ತಬ್ಬಿ ಮೇಲೇರಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಎಲೆಗಳಿಂದ ತೊಟ್ಟಿಕ್ಕುವ ನೀರು ಕಾಲಡಿಯ ತರಗನ್ನು ಮೆತ್ತಗೆ ಮಾಡಿದೆ. ಮನೆಯೊಳಗೆ ಬಂದರೆ, ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ ಗೋಣಿಚೀಲಗಳು. ಮನೆಯ ಯಜಮಾನ ಒಂದರ ಬಾಯಿ ಬಿಚ್ಚುತ್ತಾರೆ. ಕೈ ಹಾಕಿ. ಒಣಗಿದ ಕಾಳು ಬೆರಳ ಸಂದಿಯಲ್ಲಿ ಜರ್ರನೆ ಜಾರುತ್ತದೆ, ಘಾಟು ಮೂಗಿಗೇರುತ್ತದೆ. ಬೇಸಿಗೆಯಲ್ಲಿ ಕುಯ್ದು, ಕಣದಲ್ಲಿ ಒಣಗಿಸಿದ ಮಾಲು ಆಗಸ್ಟಿನಲ್ಲೂ ಮನೆಯಲ್ಲೇ ಇದೆ.

"ಈಗ ಕಿಲೋಗೆ ಆರುನೂರರ ಮೇಲೈತೆ. ಕೊಡಬೌದು. ಆದ್ರೆ ಒಂದ್ಸಲ ಏಳ್ನೂರರ ಆಸೇಲಿ ಕೂತು ನಾನೂರಕ್ಕಿಂತ ಕಮ್ಮಿಗೆ ಕೊಟ್ಟಿವ್ನಿ. ಯಾವಾಗ ಬಿದ್ದೋಯ್ತದೆ ಅಂತ ಗೊತ್ತೇ ಆಗಲ್ಲ," ಎನ್ನುತ್ತಾರೆ ಅವರು.

ಅವರು ಹೇಳುತ್ತಿರುವುದು 2016ರಿಂದ 2018ರ ನಡುವಿನ ಕುಸಿತದ ಕಥೆ. ಆ ಕುಸಿತದ ಒಂದು ಬೇರು ಶ್ರೀಲಂಕಾದಲ್ಲಿದೆ. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರಿನಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು, 2000ದ ಮಾರ್ಚಿನಲ್ಲಿ ಅದು ಜಾರಿಗೆ ಬಂತು. ಲಂಕೆಯ ಮೆಣಸಿಗೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಅದರಾಚೆಗೂ ಅಲ್ಪ ಸುಂಕ. ಲಂಕೆಯದೇ ಮೆಣಸು ಬಂದಿದ್ದರೆ ಮಾತು ಬೇರೆ ಇತ್ತು. ಜಗತ್ತಿನಲ್ಲೇ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನ ಅಗ್ಗದ ಮಾಲು ಲಂಕೆಯ ಬಂದರಿನಲ್ಲಿ ಇಳಿದು, ಅಲ್ಲಿನ ಬೆಳೆಯೆಂಬ ಪ್ರಮಾಣಪತ್ರ ಹೊತ್ತು ಭಾರತಕ್ಕೆ ಬರುತ್ತಿದೆ ಎಂದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ಕೂಗಿ ಹೇಳಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಮೆಣಸು ಹೋದ ಬೆಲೆಗೆ ಹೋಗಿಯಾಗಿತ್ತು.

ಇದರ ಜೊತೆಗೆ 2009ರಲ್ಲಿ ಆಸಿಯಾನ್ ದೇಶಗಳೊಂದಿಗೆ ಆದ ಸರಕು ಒಪ್ಪಂದವೂ ಇದೆ. ಇಂಡೋನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂ ಎಲ್ಲವೂ ಅದರೊಳಗಿವೆ. ಸುಂಕವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಇಳಿಸಬೇಕಾದ ವಿಶೇಷ ಸರಕುಗಳೆಂದು ಅದರಲ್ಲಿ ಗುರುತಿಸಿದ್ದು ಕಚ್ಚಾ ತಾಳೆಎಣ್ಣೆ, ಸಂಸ್ಕರಿಸಿದ ತಾಳೆಎಣ್ಣೆ, ಕಾಫಿ, ಕಪ್ಪು ಚಹಾ, ಮೆಣಸು. ಈ ಮನೆಯ ಹಿತ್ತಿಲಿನಿಂದ ನೋಡಿದರೆ ಅವುಗಳಲ್ಲಿ ಎರಡು ಬೆಳೆ ಕಣ್ಣೆದುರೇ ಇವೆ. ಆ ಪಟ್ಟಿ ಬರೆಯುವಾಗ ಈ ಹಿತ್ತಿಲಿನವರನ್ನು ಯಾರೂ ಕೇಳಿರಲಿಲ್ಲ.

ಬಸ್ಸು ಅರಕಲಗೂಡಿನ ಕಡೆ ಇಳಿಯುತ್ತಿದ್ದಂತೆ ಕಾಫಿ ಹಿಂದೆ ಸರಿಯುತ್ತದೆ. ಮುಸುಕಿನ ಜೋಳ, ಶುಂಠಿ, ಗದ್ದೆ ಬಯಲು. ಇಲ್ಲಿಂದ ದಕ್ಷಿಣಕ್ಕೆ ರಾಮನಾಥಪುರ, ಕೊಣನೂರಿನ ಕಡೆ ಹೋದರೆ ಹೊಗೆಸೊಪ್ಪಿನ ಬ್ಯಾರನ್‌ಗಳಿಂದ ಹೊಗೆ ಏಳುವ ಕಾಲ. ಪಟ್ಟಣದ ಸೊಸೈಟಿಯ ಮುಂದೆ ಸಾಲು ನಿಂತಿದೆ. ತಲೆಗೆ ಗೊಬ್ಬರದ ಖಾಲಿ ಚೀಲವನ್ನೇ ಕೊಪ್ಪೆ ಮಾಡಿಕೊಂಡವರು, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಡಿದವರು, ತಮ್ಮ ಸರದಿಗೆ ಚಪ್ಪಲಿ ಇಟ್ಟು ಟೀಗೆ ಹೋದವರು. 45 ಕಿಲೋ ಯೂರಿಯಾ ಚೀಲಕ್ಕೆ ಸರ್ಕಾರದ ದರ 266 ರೂಪಾಯಿ 50 ಪೈಸೆ. ದರ ಕಡಿಮೆಯೇ. ಮಾಲು ಇರಬೇಕಲ್ಲ. ಈ ಮುಂಗಾರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಯೂರಿಯಾ ಅಭಾವ. ಕೊಟ್ಟಿದ್ದೇವೆ ಎಂದು ಕೇಂದ್ರ, ಸಾಲದು ಎಂದು ರಾಜ್ಯ. ಚೀನಾ ತನ್ನ ಯೂರಿಯಾ ರಫ್ತಿಗೆ ಕಡಿವಾಣ ಹಾಕಿದ್ದೂ ಇದಕ್ಕೆ ಒಂದು ಕಾರಣ.

"ಜೋಳ ಮೊಳಕಾಲುದ್ದ ಬಂದೈತೆ. ಈ ವಾರ ಗೊಬ್ಬರ ಬೀಳಲಿಲ್ಲ ಅಂದ್ರೆ ತೆನೆ ಕಟ್ಟಲ್ಲ ಸ್ವಾಮಿ," ಎನ್ನುತ್ತಾನೆ ಸಾಲಿನಲ್ಲಿರುವ ಯುವಕ. ಅವನ ಹಿಂದಿನ ಹಿರಿಯರು ಸೇರಿಸುತ್ತಾರೆ: "ಮಳೆ ಬಂದಾಗ ಗೊಬ್ಬರ ಇರಲ್ಲ, ಗೊಬ್ಬರ ಬಂದಾಗ ಮಳೆ ಇರಲ್ಲ ಕಣಪ್ಪ."

ಒಂದು ವಾರದ ತಡ ಒಂದು ಹೊಲವನ್ನು ಏನು ಮಾಡುತ್ತದೆಂದು ಈ ಸಾಲು ಬಲ್ಲದು. ಹಾಗಾದರೆ ಒಂದು ದೇಶಕ್ಕೆ ದೇಶವೇ ಒಂದೇ ಏಟಿಗೆ ರಸಗೊಬ್ಬರ ನಿಲ್ಲಿಸಿದರೆ? ಶ್ರೀಲಂಕಾದಲ್ಲಿ ಅದು ಆಯಿತು. 2021ರ ಏಪ್ರಿಲ್ ಕೊನೆಯಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸೆಯವರ ಸರ್ಕಾರ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದನ್ನು ನಿಷೇಧಿಸಲು ತೀರ್ಮಾನಿಸಿತು. ಹೊರಗೆ ಹೇಳಿದ್ದು ಸಾವಯವದ ಮಾತು. ಒಳಗೆ ಡಾಲರ್ ಖಾಲಿಯಾಗುತ್ತಿತ್ತು. 2019ರ ಈಸ್ಟರ್ ಬಾಂಬ್ ದಾಳಿ, ಆಮೇಲೆ ಕೊರೋನಾ ಸೇರಿ ಪ್ರವಾಸೋದ್ಯಮದ ಆದಾಯ ನಿಂತಿತ್ತು. ಅದೇ 2019ರ ಕೊನೆಯಲ್ಲಿ ಮಾಡಿದ ತೆರಿಗೆ ಕಡಿತದಿಂದ ಬೊಕ್ಕಸವೂ ಬರಿದಾಗಿತ್ತು. ಮಣ್ಣು ಮೆಲ್ಲಗೆ ಬದಲಾಗುತ್ತದೆ. ಕೊಟ್ಟಿಗೆ ಗೊಬ್ಬರದ ಬೇಸಾಯಕ್ಕೆ ಮರಳಲು ವರ್ಷಗಳೇ ಬೇಕೆಂದು ಈ ಸಾಲಿನಲ್ಲಿ ನಿಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲಿನ ಸರ್ಕಾರ ಒಂದು ಬೆಳೆಗಾಲವನ್ನೂ ಕಾಯಲಿಲ್ಲ. ಭತ್ತ ಕುಸಿಯಿತು, ಚಹಾ ಕುಸಿಯಿತು. ನವೆಂಬರಿನಲ್ಲಿ ನಿಷೇಧ ಹಿಂತೆಗೆದಾಗ ಕೈಮೀರಿತ್ತು. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲಾಗದೆಂದು ದೇಶ ಘೋಷಿಸಿತು. ಜುಲೈ 9ರಂದು ಜನ ಅಧ್ಯಕ್ಷರ ಅರಮನೆಗೆ ನುಗ್ಗಿದರು. ನಾಲ್ಕು ದಿನದ ಮೇಲೆ ಅಧ್ಯಕ್ಷರು ಮಾಲ್ಡೀವ್ಸ್‌ಗೆ, ಅಲ್ಲಿಂದ ಸಿಂಗಪುರಕ್ಕೆ ಹೋಗಿ ರಾಜೀನಾಮೆ ಕಳುಹಿಸಿದರು.

ಆ ಕಷ್ಟದ ವರ್ಷದಲ್ಲಿ ಭಾರತ ಸುಮಾರು 400 ಕೋಟಿ ಡಾಲರ್‌ನಷ್ಟು ನೆರವು ಕೊಟ್ಟಿತು. ಇಂಧನ, ಔಷಧಿ, ಅಕ್ಕಿಯ ಜೊತೆಗೆ ಯೂರಿಯಾವನ್ನೂ ಕಳುಹಿಸಿತು. ನೆರೆಮನೆಗೆ ಬೆಂಕಿ ಬಿದ್ದಾಗ ಮಾಡಬೇಕಾದದ್ದೇ ಅದು. 2024ರ ಸೆಪ್ಟೆಂಬರಿನಲ್ಲಿ ಲಂಕೆಯ ಜನ ಎಡಪಂಥದ ಅನುರ ಕುಮಾರ ದಿಸ್ಸಾನಾಯಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ನವೆಂಬರಿನ ಚುನಾವಣೆಯಲ್ಲಿ ಅವರ ಕೂಟಕ್ಕೆ 225ರಲ್ಲಿ 159 ಸ್ಥಾನ ಬಂತು. ಹಳೆಯ ಮನೆತನಗಳ ಆಳ್ವಿಕೆ ಹೊಲದಲ್ಲೇ ಸೋತಿತ್ತು. ಡಿಸೆಂಬರಿನಲ್ಲಿ ದಿಸ್ಸಾನಾಯಕೆ ತಮ್ಮ ಮೊದಲ ವಿದೇಶ ಪ್ರವಾಸಕ್ಕೆ ದೆಹಲಿಗೇ ಬಂದರು.

ಅರಕಲಗೂಡು ದಾಟಿ ಹೊಳೆನರಸೀಪುರ ಮುಟ್ಟುವಾಗ ಮೋಡ ಹರಿದು ಬಿಸಿಲು ಇಣುಕುತ್ತದೆ. ಹೇಮಾವತಿಯ ಗಾಳಿಗೆ ಬಸ್ಸಿನ ಕಿಟಕಿಗಳೆಲ್ಲ ಒಂದು ಕ್ಷಣ ತಣ್ಣಗಾಗುತ್ತವೆ. ಬಸ್ ನಿಲ್ದಾಣದ ಹೊರಗೆ ಬಾಣಲೆಯಲ್ಲಿ ಬೋಂಡ ಉಬ್ಬುತ್ತಿದೆ. ಒಲೆಯ ಪಕ್ಕ ಖಾಲಿ ಎಣ್ಣೆ ಡಬ್ಬಗಳ ಗುಡ್ಡೆ, ಮೇಲೆ ತಾಳೆಮರದ ಚಿತ್ರ. ಬೋಂಡ ಹಾಕುವ ಅಕ್ಕ ಎಣ್ಣೆಯ ದರ ಯಾವ ತಿಂಗಳು ಎಷ್ಟಿತ್ತೆಂದು ಬಾಯಿಪಾಠ ಹೇಳುತ್ತಾರೆ. ಅವರ ದಿನದ ಉಳಿತಾಯ ನಿಂತಿರುವುದೇ ಅದರ ಮೇಲೆ.

ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಅದರಲ್ಲಿ ದೊಡ್ಡ ಪಾಲು ತಾಳೆಎಣ್ಣೆ, ತಾಳೆಎಣ್ಣೆಯಲ್ಲಿ ಜಗತ್ತಿಗೇ ಮೊದಲು ಇಂಡೋನೇಷ್ಯಾ. ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಸಿಗದಂತಾದಾಗ, ತನ್ನ ಜನರಿಗೆ ಎಣ್ಣೆ ಅಗ್ಗವಾಗಲೆಂದು ಇಂಡೋನೇಷ್ಯಾ 2022ರ ಏಪ್ರಿಲ್ 28ರಂದು ತಾಳೆಎಣ್ಣೆ ರಫ್ತನ್ನೇ ನಿಲ್ಲಿಸಿತು. ಅಲ್ಲಿನ ತಾಳೆ ಬೆಳೆಗಾರರೇ ಹಣ್ಣು ಕೊಳ್ಳುವವರಿಲ್ಲದೆ ಜಕಾರ್ತದ ಬೀದಿಗಿಳಿದರು. ಮೇ 23ಕ್ಕೆ ನಿಷೇಧ ತೆರವಾಯಿತು. ಒಂದು ತಿಂಗಳಿಗೂ ಕಡಿಮೆ ಅವಧಿಯ ಆ ತೀರ್ಮಾನ ಈ ಬಾಣಲೆಯವರೆಗೆ ಬಿಸಿ ಮುಟ್ಟಿಸಿತು. ಈಗ 2025ರಿಂದ ಇಂಡೋನೇಷ್ಯಾ ತನ್ನ ಡೀಸೆಲ್ಲಿಗೆ ಶೇ 40ರಷ್ಟು ತಾಳೆಎಣ್ಣೆಯ ಇಂಧನ ಬೆರೆಸುವ ನಿಯಮ ತಂದಿದೆ. ಬಾಣಲೆಗೆ ಬರಬೇಕಾದ ಎಣ್ಣೆ ಲಾರಿಯ ಟ್ಯಾಂಕಿಗೆ ಹೋಗುತ್ತಿದೆ.

ನಮ್ಮಲ್ಲೂ ತೀರ್ಮಾನಗಳು ಹೀಗೇ ತೂಗಾಡುತ್ತವೆ. 2024ರ ಸೆಪ್ಟೆಂಬರಿನಲ್ಲಿ ಎಣ್ಣೆಕಾಳು ಬೆಳೆಗಾರರ ಹಿತಕ್ಕೆಂದು ಕಚ್ಚಾ ಖಾದ್ಯತೈಲದ ಮೂಲ ಆಮದು ಸುಂಕವನ್ನು ಶೂನ್ಯದಿಂದ ಶೇ 20ಕ್ಕೆ ಏರಿಸಿದರು. 2025ರ ಮೇ ಕೊನೆಯಲ್ಲಿ ಗ್ರಾಹಕರ ಹಿತಕ್ಕೆಂದು ಶೇ 10ಕ್ಕೆ ಇಳಿಸಿದರು. ಎರಡಕ್ಕೂ ಕಾರಣವಿದೆ. ಆದರೆ ಗಿಡ ನೆಟ್ಟು ಏಳೆಂಟು ವರ್ಷ ಕಾಯುವ ರೈತ ಎಂಟೊಂಬತ್ತು ತಿಂಗಳಿಗೆ ತಿರುಗುವ ನೀತಿಯನ್ನು ನಂಬಿ ಏನು ನೆಡಬೇಕು?

ಈ ಊರಿನಿಂದ ಹೊರಡುವ ಮುನ್ನ ಒಂದು ನೆನಪು. ಇದೇ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1997ರ ಮಾರ್ಚಿನಲ್ಲಿ, ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ಹಿಂದೂ ಮಹಾಸಾಗರದ ಅಂಚಿನ ದೇಶಗಳ ಸಂಘ ಹುಟ್ಟಿತು. ಭಾರತ, ಶ್ರೀಲಂಕಾ, ಇಂಡೋನೇಷ್ಯಾ, ಮಡಗಾಸ್ಕರ್, ಮಾರಿಷಸ್ ಎಲ್ಲವೂ ಅದರಲ್ಲಿ ಮೊದಲ ದಿನದಿಂದ ಇವೆ. ಬಯಲಿನ ರೈತ ಮನೆತನದವರ ಕಾಲದಲ್ಲೇ ನಾವು ದ್ವೀಪಗಳ ಜೊತೆ ಒಂದು ಮೇಜಿಗೆ ಕೂತೆವು. ಆ ಮೇಜಿನ ಮೇಲೆ ಬೆಳೆಗಾರನ ಬೆಲೆಯ ಪ್ರಶ್ನೆ ಇಂದಿಗೂ ಮುಖ್ಯವಾಗಿ ಬಂದಿಲ್ಲ.

ಮಧ್ಯಾಹ್ನ ಚನ್ನರಾಯಪಟ್ಟಣದ ಸೀಮೆ. ರಾಗಿ ಹೊಲಗಳ ನಡುವೆ ತೆಂಗಿನ ತೋಟಗಳು ಕಣ್ಣು ಹಾಯುವವರೆಗೂ. ತೋಟದೊಳಗೆ ನಡೆಯಿರಿ, ತಲೆಯೆತ್ತಿ ನೋಡಿ. ಕೆಳಗಿನ ಗರಿಗಳ ಮೇಲೆ ಕಾಡಿಗೆ ಬಳಿದಂತೆ ಕಪ್ಪು. ಅದು ಬಿಳಿನೊಣದ ಕೆಲಸ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಮೊದಲು ಕಂಡ ಸುರುಳಿ ಬಿಳಿನೊಣ ಗರಿಯ ಅಡಿಯಲ್ಲಿ ಕೂತು ರಸ ಹೀರುತ್ತದೆ, ಅದರ ಸಿಹಿ ಅಂಟಿನ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ. ಕಪ್ಪುತಲೆ ಹುಳು, ನುಸಿ, ಕಾಂಡ ಸೋರುವ ರೋಗ ಮೊದಲೇ ಇದ್ದವು. ಮೇಲೆ 2023ರ ಬರ. ಆ ವರ್ಷ ರಾಜ್ಯದಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬರ ಬಿದ್ದ ವರ್ಷ ಸೊರಗಿದ ಹೊಂಬಾಳೆಯ ನಷ್ಟ ಮರುವರ್ಷ, ಅದರ ಮರುವರ್ಷ ಕಾಣುತ್ತದೆ. ಹಬ್ಬದ ಹೆಂಗಸು ಬೆಲೆ ಕೇಳಿ ಕೆಳಗಿಟ್ಟ ಕಾಯಿಯ ಕಥೆ ಇಲ್ಲಿಂದ ಶುರುವಾಗುತ್ತದೆ.

ತೋಟದ ಮನೆಯ ಅಟ್ಟ ಹತ್ತಿ. ಬಿದಿರಿನ ಏಣಿ, ಮೇಲೆ ಅರೆಗತ್ತಲು, ಒಣಮಟ್ಟೆಯ ವಾಸನೆ. ಬಲಿತ ಕಾಯಿ ಸಿಪ್ಪೆ ಸಮೇತ ಇಲ್ಲಿ ಎಂಟು ತಿಂಗಳಿಂದ ವರ್ಷದವರೆಗೆ ಮಲಗುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಕರಟ ಬಿಡುತ್ತದೆ. ಒಂದನ್ನು ಎತ್ತಿ ಅಲ್ಲಾಡಿಸಿದರೆ ಲೊಟಲೊಟ ಸದ್ದು. ಕೆಳಗಡೆ ಅಂಗಳದಲ್ಲಿ ಒಬ್ಬ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಮೂರೇ ತಿರುವಿಗೆ ಮಟ್ಟೆ ಬಿಡಿಸುತ್ತಾನೆ. ಸಾಲಾಗಿ ಕೂತ ಹೆಂಗಸರು ಮಚ್ಚಿನ ಹಿಂಬದಿಯಿಂದ ಕರಟ ಒಡೆಯುತ್ತಾರೆ. ಒಳಗಿನ ಉಂಡೆ ಒಡೆಯದೆ ಬರಬೇಕು, ಒಡೆದರೆ ಹೋಳು, ಹೋಳಿಗೆ ಬೆಲೆ ಕಡಿಮೆ. ಮಟ್ಟೆ ನಾರಿನ ಕಾರ್ಖಾನೆಗೆ, ಕರಟ ಇದ್ದಿಲಿಗೆ, ಉಂಡೆ ಕೊಬ್ಬರಿ ಚೀಲ ಕಟ್ಟಿ ತಿಪಟೂರು, ಅರಸೀಕೆರೆಯ ಮಾರುಕಟ್ಟೆಗೆ. ಅಲ್ಲಿಂದ ಅದು ಉತ್ತರ ಭಾರತದ ಹಬ್ಬ, ಮದುವೆಗಳಿಗೆ.

"ಎರಡು ವರ್ಷದ ಹಿಂದೆ ಇದೇ ಅಟ್ಟದ ಕೊಬ್ಬರೀನ ಕ್ವಿಂಟಾಲಿಗೆ ಎಂಟು ಸಾವಿರಕ್ಕೆ ಕೊಟ್ಟೆ," ಎನ್ನುತ್ತಾರೆ ಮನೆಯ ಹಿರಿಯರು. "ಈಗ ಇಪ್ಪತ್ತು ಸಾವಿರ ದಾಟೈತೆ. ಆವಾಗ ಅಟ್ಟ ತುಂಬಿತ್ತು, ಬೆಲೆ ಇರ್ಲಿಲ್ಲ. ಈಗ ಬೆಲೆ ಐತೆ, ಅಟ್ಟ ಅರ್ಧ ಖಾಲಿ."

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ, ಪೇಟೆಯಲ್ಲಿ ಅದಕ್ಕಿಂತ ಮೂರು ಸಾವಿರಕ್ಕೂ ಹೆಚ್ಚು ಕಡಿಮೆ. ರಾಜ್ಯ ಸರ್ಕಾರ ಕ್ವಿಂಟಾಲಿಗೆ 1,250, ಮರುವರ್ಷ 1,500 ಪ್ರೋತ್ಸಾಹಧನ ಸೇರಿಸಿತು. 2024ರ ಬೆಂಬಲ ಬೆಲೆ 12,000 ಆಯಿತು. ಆದರೆ ಖರೀದಿಗೆ ಮಿತಿ ಇತ್ತು. 2024ರ ಆರಂಭದಲ್ಲಿ ನೋಂದಣಿ ಕೇಂದ್ರಗಳ ಮುಂದೆ ರೈತರು ರಾತ್ರಿಯಿಡೀ ಸಾಲುಗಟ್ಟಿದರು. ಅಕ್ರಮದ ದೂರು ಬಂದು ನೋಂದಣಿ ಮತ್ತೆ ಮಾಡಬೇಕಾಯಿತು. ಆ ಹೊತ್ತಿಗೆ ಸಾಲದ ಬಡ್ಡಿ ತಡೆಯಲಾರದ ಸಣ್ಣ ರೈತ ಪೇಟೆಗೇ ಕೊಟ್ಟುಬಿಟ್ಟಿದ್ದ. 2025ರ ಬೆಂಬಲ ಬೆಲೆ 12,100. ಪೇಟೆಯ ಬೆಲೆ ಅದನ್ನು ಎಷ್ಟೋ ಹಿಂದೆ ಬಿಟ್ಟು ಓಡಿದೆ.

ಬೆಲೆ ಹೀಗೆ ಓಡಿದ್ದಕ್ಕೆ ಮೊದಲ ಕಾರಣ ನಮ್ಮದೇ ಬರ, ನಮ್ಮದೇ ಬಿಳಿನೊಣ. ಎಳನೀರಿಗೆ ಹೋಗುವ ಕಾಯಿಯೂ ಹೆಚ್ಚಿದೆ. ಎರಡನೆಯದು ದ್ವೀಪಗಳಿಂದ ಬಂದದ್ದು. 2023–24ರ ಎಲ್ ನಿನೊ ಬಿಸಿಲು ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ನ ತೋಟಗಳನ್ನೂ ಸುಟ್ಟಿತು. ಇಂಡೋನೇಷ್ಯಾದ ಇಡೀ ಕಾಯಿಗಳಿಗೆ ಚೀನಾ ಒಳ್ಳೆಯ ಬೆಲೆ ಕೊಟ್ಟು ಹಡಗು ತುಂಬಿಸಿಕೊಂಡಿತು. ಫಿಲಿಪ್ಪೀನ್ಸ್ 2024ರ ಅಕ್ಟೋಬರಿನಿಂದ ಡೀಸೆಲ್ಲಿಗೆ ಬೆರೆಸುವ ಕೊಬ್ಬರಿ ಎಣ್ಣೆಯ ಇಂಧನವನ್ನು ಶೇ 2ರಿಂದ ಶೇ 3ಕ್ಕೆ ಏರಿಸಿತು. ಎಣ್ಣೆ ತೀರಾ ದುಬಾರಿಯಾಗಿ ಶೇ 4ರ ಮುಂದಿನ ಹೆಜ್ಜೆಗೆ 2025ರಲ್ಲಿ ತಡೆ ಬಿತ್ತು. 2023ರಲ್ಲಿ ಟನ್ನಿಗೆ 1,000 ಡಾಲರ್‌ನ ಆಸುಪಾಸಿನಲ್ಲಿದ್ದ ಕೊಬ್ಬರಿ ಎಣ್ಣೆ 2025ರ ನಡುವೆ ಜಗತ್ತಿನ ಪೇಟೆಯಲ್ಲಿ 2,500 ಡಾಲರ್ ದಾಟಿತು. ಶ್ರೀಲಂಕಾದಲ್ಲಿ ಸಾಂಬಾರಿಗೂ ಕಾಯಿ ಸಾಲದಾಯಿತು. ಈ ವರ್ಷದ ಮಾರ್ಚ್ 15ರಂದು ಬೆಳಿಗ್ಗೆ ಎಂಟರಿಂದ ಐದು ನಿಮಿಷ, ತಂತಮ್ಮ ತೋಟಕ್ಕೆ ಬರುವ ಮಂಗ, ನವಿಲು, ಅಳಿಲುಗಳನ್ನು ಎಣಿಸಿ ಬರೆದುಕೊಳ್ಳಿ ಎಂದು ಅಲ್ಲಿನ ಸರ್ಕಾರ ಇಡೀ ದೇಶದ ರೈತರನ್ನು ಕೇಳಿತು. ಅದನ್ನು ಹೇಳಿದರೆ ಅಂಗಳದ ಹೆಂಗಸರು ಮಚ್ಚು ಕೆಳಗಿಟ್ಟು ತಲೆದೂಗುತ್ತಾರೆ. ಮಂಗನ ಕಾಟ ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ಹಿರಿಯರ ಮುಂದೆ ಮನಿಲಾದ ಇನ್ನೊಂದು ಕಥೆಯನ್ನೂ ಇಡಬೇಕು, ಏಕೆಂದರೆ ಅದು ಅವರಂಥವರದೇ ದುಡ್ಡಿನ ಕಥೆ. ಬೆಂಗಳೂರಿಗೆ ಬರುತ್ತಿರುವ ಅಧ್ಯಕ್ಷರ ತಂದೆ ಹಿರಿಯ ಫರ್ಡಿನಾಂಡ್ ಮಾರ್ಕೋಸ್ 1972ರಲ್ಲಿ ಸೇನಾ ಕಾನೂನು ಹೇರಿ ಆಳಿದವರು. 1970ರ ದಶಕದ ಆರಂಭದಿಂದ 1982ರವರೆಗೆ ಅಲ್ಲಿ ಪ್ರತಿ 100 ಕಿಲೋ ಕೊಬ್ಬರಿಯ ಮೊದಲ ಮಾರಾಟದ ಮೇಲೆ ತೆಂಗು ಬೆಳೆಗಾರರಿಂದ ವಂತಿಗೆ ವಸೂಲಾಯಿತು. ನಿಮ್ಮ ಒಳಿತಿಗೇ ಎಂದರು. ಆ ಹಣದಿಂದ ಒಂದು ಬ್ಯಾಂಕನ್ನು ಕೊಂಡರು, ದೇಶದ ಅತಿ ದೊಡ್ಡ ಪಾನೀಯ ಕಂಪನಿಯಾದ ಸ್ಯಾನ್ ಮಿಗೆಲ್‌ನ ಷೇರು ಕೊಂಡರು. ಹಿಡಿತ ಅಧ್ಯಕ್ಷರ ಆಪ್ತರ ಕೈಯಲ್ಲಿತ್ತು, ಬೆಳೆಗಾರನ ಗುಡಿಸಲಿಗೆ ಏನೂ ಬರಲಿಲ್ಲ. 1986ರಲ್ಲಿ ಜನ ಮಾರ್ಕೋಸರನ್ನು ಓಡಿಸಿದ ಮೇಲೂ ದಾವೆ ದಶಕಗಳ ಕಾಲ ನಡೆಯಿತು. ಆ ಷೇರುಗಳ ದೊಡ್ಡ ಪಾಲು ಸರ್ಕಾರದ್ದು, ಅದನ್ನು ತೆಂಗು ಬೆಳೆಗಾರರಿಗಾಗಿಯೇ ಬಳಸಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿತು. 7,500 ಕೋಟಿ ಪೆಸೊಗಳ ನಿಧಿ ಕಟ್ಟುವ ಕಾನೂನಿಗೆ ಸಹಿ ಬಿದ್ದದ್ದು 2021ರ ಫೆಬ್ರವರಿಯಲ್ಲಿ. ವಂತಿಗೆ ಕೊಟ್ಟವರಲ್ಲಿ ಎಷ್ಟೋ ಜನ ಅದನ್ನು ನೋಡಲು ಉಳಿದಿರಲಿಲ್ಲ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳುತ್ತಾರೆ: "ಅಲ್ಲೂ ನಮ್ ಥರಾನೇ ಸಣ್ಣ ರೈತರೇನಪ್ಪಾ?"

ಹೌದು, ಅಲ್ಲೂ ಸಣ್ಣ ರೈತರೇ. ಇನ್ನೂ ದೂರ, ಶಾಂತಸಾಗರದ ನಡುವೆ ಕಿರಿಬಾಟಿ ಇದೆ. 33 ದ್ವೀಪ, ಒಟ್ಟು ನೆಲ ಸುಮಾರು 811 ಚದರ ಕಿಲೋಮೀಟರ್. ಹಾಸನ ಜಿಲ್ಲೆಯ ವಿಸ್ತೀರ್ಣವೇ ಅದರ ಎಂಟು ಪಟ್ಟು. ಹೊರದ್ವೀಪಗಳ ಮನೆಗಳಿಗೆ ಕೈಗೆ ಕಾಸು ತರುವ ಮುಖ್ಯ ಬೆಳೆ ಅಲ್ಲಿ ಕೊಬ್ಬರಿಯೇ. 2016ರಲ್ಲಿ ಅಧಿಕಾರಕ್ಕೆ ಬಂದ ತನೇತಿ ಮಾಮೌ ಸರ್ಕಾರ ಕೊಬ್ಬರಿಯ ಖರೀದಿ ಬೆಲೆಯನ್ನು ಕಿಲೋಗೆ ಒಂದು ಆಸ್ಟ್ರೇಲಿಯಾ ಡಾಲರ್‌ನಿಂದ ಎರಡಕ್ಕೆ ಏರಿಸಿತು. ವಿದೇಶಿ ಮೀನುಗಾರಿಕೆ ಹಡಗುಗಳಿಂದ ಬರುವ ಪರವಾನಗಿ ಶುಲ್ಕವೇ ಆ ಸರ್ಕಾರದ ದೊಡ್ಡ ಆದಾಯ. ಸಮುದ್ರದಲ್ಲಿ ಸಿಕ್ಕ ದುಡ್ಡಿನ ಒಂದು ಪಾಲು ಹೀಗೆ ತೆಂಗಿನ ಬುಡದವನ ಕೈಗೆ ಬರುತ್ತದೆ. ಅಷ್ಟು ಚಿಕ್ಕ ದೇಶ ಇಷ್ಟನ್ನು ಮಾಡಬಲ್ಲದಾದರೆ, ಖರೀದಿ ಕೇಂದ್ರದ ಬಾಗಿಲನ್ನು ಸಕಾಲಕ್ಕೆ ತೆರೆಯುವುದು ನಮಗೆ ಅಸಾಧ್ಯವಲ್ಲ.

ಸಂಜೆಯಾಗುತ್ತಿದೆ. ಕೊಬ್ಬರಿ ಚೀಲಗಳು ಟ್ರ್ಯಾಕ್ಟರಿಗೆ ಏರುತ್ತಿವೆ. ಇಡೀ ದಾರಿಯುದ್ದಕ್ಕೂ ನಾವು ಕಂಡದ್ದು ಒಂದೇ ತಪ್ಪಿನ ಬೇರೆ ಬೇರೆ ರೂಪ. ಲಂಕೆಯ ಗೊಬ್ಬರ ನಿಷೇಧ, ಇಂಡೋನೇಷ್ಯಾದ ರಫ್ತು ನಿಷೇಧ, ಮನಿಲಾದ ವಂತಿಗೆ, ನಮ್ಮ ಮೆಣಸಿನ ಒಪ್ಪಂದ, ನಮ್ಮ ತಡವಾದ ಖರೀದಿ ಎಲ್ಲವೂ ಬೆಳೆಗಾರನ ಹೆಸರಿನಲ್ಲೋ ಗ್ರಾಹಕನ ಹೆಸರಿನಲ್ಲೋ ಆದ ತೀರ್ಮಾನಗಳು. ಯಾವುದರಲ್ಲೂ ಬೆಳೆಯುವವನನ್ನು ಮೊದಲು ಕೇಳಲಿಲ್ಲ. ದ್ವೀಪದ ರೈತ ನಮ್ಮ ರೈತನ ಶತ್ರುವಲ್ಲ. ಅವನ ತೋಟ ಒಣಗಿದ್ದರಿಂದ ಇವನಿಗೆ ಬೆಲೆ ಬಂದಿದೆ, ನಾಳೆ ಅಲ್ಲಿ ಮಳೆಯಾದರೆ ಇಲ್ಲಿ ಬೆಲೆ ಬೀಳಬಹುದು. ಇಬ್ಬರಿಗೂ ಬೇಕಾದದ್ದು ಒಂದೇ: ಏರಿಳಿತವನ್ನು ತಡೆಯುವಷ್ಟು ನೆಲೆಯಾದ ನೀತಿ.

ಕಳೆದ ಎಂಟು ತಿಂಗಳಲ್ಲಿ ಮೂರು ದ್ವೀಪರಾಷ್ಟ್ರಗಳ ಅಧ್ಯಕ್ಷರು ದೆಹಲಿಗೆ ಬಂದರು. ಡಿಸೆಂಬರಿನಲ್ಲಿ ಶ್ರೀಲಂಕಾದ ದಿಸ್ಸಾನಾಯಕೆ, ಗಣರಾಜ್ಯೋತ್ಸವಕ್ಕೆ ಇಂಡೋನೇಷ್ಯಾದ ಪ್ರಬೋವೊ ಸುಬಿಯಾಂತೊ, ಈಗ ಮಾರ್ಕೋಸ್. ಆಸಿಯಾನ್ ಸರಕು ಒಪ್ಪಂದದ ಮರುಪರಿಶೀಲನೆ ನಡೆಯುತ್ತಿದೆ. ಫಿಲಿಪ್ಪೀನ್ಸ್ ಜೊತೆ ಹೊಸ ಒಪ್ಪಂದದ ಮಾತು ಈಗಷ್ಟೇ ಶುರುವಾಗಲಿದೆ. ಸಹಿ ಬಿದ್ದ ಮೇಲೆ ಕೂಗುವುದಕ್ಕಿಂತ ಕರಡು ಇರುವಾಗ ಮಾತಾಡುವುದು ಲೇಸು. ನಮ್ಮ ಸಂಸದರು, ಶಾಸಕರು, 1981ರಲ್ಲಿ ಹುಟ್ಟಿದ ತೆಂಗು ಅಭಿವೃದ್ಧಿ ಮಂಡಳಿ, ವಾಣಿಜ್ಯ ಸಚಿವಾಲಯ ಕರಡನ್ನು ಕನ್ನಡದಲ್ಲಿ ತಂದು ಚನ್ನರಾಯಪಟ್ಟಣದ ಅಂಗಳದಲ್ಲಿ, ಮಲ್ಲಿಪಟ್ಟಣದ ಕಣದಲ್ಲಿ ಓದಿ ಹೇಳಲಿ. ಬೆಂಬಲ ಬೆಲೆಯ ಖರೀದಿ ಕೇಂದ್ರ ಪೇಟೆಯ ಬೆಲೆ ಕುಸಿಯುವ ಮೊದಲೇ ತೆರೆದಿರಲಿ, ಸಣ್ಣ ರೈತನ ಚೀಲಕ್ಕೆ ಮೊದಲ ಸರದಿ ಇರಲಿ.

ರೈತರಿಗೂ ಒಂದು ಮಾತು. ಬೆಲೆ ಇರುವ ಈ ವರ್ಷವೇ ಒಣಗಿದ ಮರ ತೆಗೆದು ಹೊಸ ಸಸಿ ಇಡಿ, ಬಿಳಿನೊಣಕ್ಕೆ ಊರೆಲ್ಲ ಸೇರಿ ಮದ್ದು ಮಾಡಿ, ತೆಂಗಿನ ಸಾಲಿನ ನಡುವೆ ಇನ್ನೊಂದು ಬೆಳೆ ಹಾಕಿ. ಮಾರ್ಕೋಸ್ ಪ್ರವಾಸದ ಸುದ್ದಿ ಓದಿದವರು ಅಷ್ಟಕ್ಕೇ ಪೇಪರು ಮಡಿಸಿಡಬೇಡಿ. ಆ ಒಪ್ಪಂದದಲ್ಲಿ ಕೊಬ್ಬರಿಯ ಗತಿ ಏನೆಂದು ನಿಮ್ಮ ಸಂಸದರನ್ನು ಕೇಳಿ, ಉತ್ತರ ಬರುವವರೆಗೂ ಕೇಳಿ.